ಎಡಗೆನ್ನೆಯ ಮಚ್ಚೆ

ಸಾಂಟಾ ಕ್ಲಾರಾ
12 ಮೇ 1985

ವೇದಕ್ಕನಿಗೆ ಪದ್ಮಜಾಳ ನಮಸ್ಕಾರಗಳು.

ಇದನ್ನು ಬಾಗಿಲಲ್ಲೇ ನಿಂತು ಓದಬೇಡ. ಒಳಗೆ ಹೋಗಿ ಕೂತುಕೊಂಡು ಓದು. ನಮಗೆ ಗ್ರೀನ್ ಕಾರ್ಡು ಬಂತು! ಹೆಸರಿಗೆ ಗ್ರೀನು, ಹಸಿರಿನ ಸುಳಿವೂ ಇಲ್ಲ. ಇವರು ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಲು ಹೋದರು. ಸರ್ಕಾರದ ಕಾರ್ಡಿಗೆ ಕಲೆ ಮಾಡಿ ಇನ್ನೊಂದು ಎಂಟು ವರ್ಷ ಕಾಯಿಸಬೇಡಿ ಎಂದು ನಾನು ಕೈ ಹಿಡಿದುಕೊಂಡೆ.

ಇನ್ನು ಮೇಲೆ ನಾವು ಈ ದೇಶದಿಂದ ಹೊರಗೆ ಹೋಗಬಹುದು, ಮತ್ತೆ ಒಳಗೆ ಬರಬಹುದು. ಕಾಲು ಹೊರಗಿಟ್ಟರೆ ವಾಪಸ್ಸು ಬಿಡುವುದಿಲ್ಲ ಎಂಬ ಹೆದರಿಕೆಯಲ್ಲೇ ಇಷ್ಟು ವರ್ಷ ಹೋಯಿತು. ಅಮ್ಮ ತೀರಿಕೊಂಡಾಗಲೂ ಬರಲಾಗದೆ ಅಪಾರ್ಟ್‌ಮೆಂಟಿನ ಬಚ್ಚಲಲ್ಲಿ ಕೂತು ಅತ್ತಿದ್ದೆ. ನಮ್ಮ ಮೂವರಲ್ಲಿ ಯಾವಾಗ ಬೇಕಾದರೂ ಬಂದು ಹೋಗುವ ಹಕ್ಕು ಇದ್ದದ್ದು ಇಲ್ಲೇ ಹುಟ್ಟಿದ ನಿರುಪಮಾಗೆ ಮಾತ್ರ. ಅವಳೇ ಇಲ್ಲಿಲ್ಲ.

ಅಕ್ಕ, ನಿರುವನ್ನು ಕಳಿಸಿಕೊಡು. ಹತ್ತು ತಿಂಗಳ ಕೂಸನ್ನು ಬಾಣಂತನಕ್ಕೆ ಬಂದಿದ್ದ ಅಮ್ಮನ ಮಡಿಲಿಗೆ ಹಾಕಿ, ಆರು ತಿಂಗಳು ನೋಡಿಕೋ ಎಂದು ಕಳಿಸಿದೆ. ಅಮ್ಮ ಹೋದ ಮೇಲೆ ನೀನೇ ಅವಳಿಗೆ ಎಲ್ಲವೂ ಆದೆ. ಅದಕ್ಕೆ ಏನು ಹೇಳಿದರೂ ಕಡಿಮೆಯೇ, ಆದ್ದರಿಂದ ಏನೂ ಹೇಳುವುದಿಲ್ಲ. ನಾನೇ ಬಂದು ಕರೆತರೋಣವೆಂದರೆ ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿಲ್ಲ. ಕಂಪ್ಯೂಟರ್ ಚಿಪ್ಪಿನ ಕಂಪನಿಗಳಲ್ಲಿ ಈ ವರ್ಷ ಜನರನ್ನು ತೆಗೆಯುತ್ತಿದ್ದಾರೆ, ಈಗ ರಜೆ ಕೇಳಿದರೆ ಶಾಶ್ವತ ರಜೆಯನ್ನೇ ಕೊಡುತ್ತಾರೆ. ಸ್ಯಾನ್ ಮಟಿಯೋದಲ್ಲಿರುವ ಶಿವರಾಮು ದಂಪತಿ, ಹಾಸನದ ಕಡೆಯವರು, ಜುಲೈನಲ್ಲಿ ಊರಿಗೆ ಬಂದು ಆಗಸ್ಟ್ ಹದಿನೆಂಟಕ್ಕೆ ಬೊಂಬಾಯಿಯಿಂದ ಹೊರಡುತ್ತಾರೆ. ಅವರ ಜೊತೆ ಬಂದರೆ ಸೆಪ್ಟೆಂಬರಿಗೆ ಇಲ್ಲಿಯ ಸ್ಕೂಲಿಗೆ ಸೇರಬಹುದು.

ಅವಳಿಗೆ ಎರಡು ಪಾಸ್‌ಪೋರ್ಟುಗಳಿವೆ. ಇಲ್ಲಿ ಹುಟ್ಟಿದ್ದಕ್ಕೆ ಅಮೆರಿಕದ್ದೊಂದು, ಅಪ್ಪ ನಮ್ಮ ದೇಶದವರಾದ್ದಕ್ಕೆ ಇಂಡಿಯಾದ್ದೊಂದು. ಎರಡನ್ನೂ ಅಮ್ಮ ಟ್ರಂಕಿನಲ್ಲಿ ಇಟ್ಟಿದ್ದಳು. ತೆಗೆದು ನೋಡಿ ತಾರೀಖುಗಳನ್ನು ಬರೆ.

ನಿರು ಈಗ ಎಷ್ಟು ಎತ್ತರ ಇದ್ದಾಳೆ? ಅವಳಿಗೆ ಬೆಂಡೆಕಾಯಿ ಸೇರುತ್ತದೆಯೆ? ನಗಬೇಡ ಅಕ್ಕ. ನೀನು ಕಳಿಸುವ ಫೋಟೋದಲ್ಲಿ ಇವೆಲ್ಲ ಕಾಣುವುದಿಲ್ಲ.

ನಿನ್ನ
ಪದ್ದು

ಮೈಸೂರು
1 ಜೂನ್ 1985

ಚಿ. ಪದ್ದುಗೆ ಆಶೀರ್ವಾದಗಳು.

ಹೇಳಿದ ಹಾಗೆ ಕೂತುಕೊಂಡೇ ಓದಿದೆ. ಕಾರ್ಡು ಬಂದದ್ದು ಸಂತೋಷ. ತಿರುಮಲೇಶನಿಗೂ ಹೇಳು.

ಟ್ರಂಕು ತೆಗೆದೆ. ಅಮ್ಮನ ಧಾರೆ ಸೀರೆಯ ಮಡಿಕೆಯಲ್ಲಿ, ನುಸಿಗುಳಿಗೆಯ ವಾಸನೆ ಹಿಡಿದು, ಎರಡೂ ಪಾಸ್‌ಪೋರ್ಟು ಸಿಕ್ಕವು. ಇಂಡಿಯಾದ್ದನ್ನು ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ನವೀಕರಿಸಿದ್ದೆನಲ್ಲ, ಅದು ಮುಂದಿನ ವರ್ಷದ ಕೊನೆಯವರೆಗೆ ನಡೆಯುತ್ತದೆ. ಅಮೆರಿಕದ್ದು ಎಂಬತ್ತೊಂದರಲ್ಲೇ ಮುಗಿದುಹೋಗಿದೆ. ಒಂದಿದ್ದರೆ ಸಾಲದೇ, ಇನ್ನೊಂದಕ್ಕೆ ಯಾಕೆ ಓಡಾಟ ಎಂದು ಆಗ ಸುಮ್ಮನಾಗಿದ್ದೆ. ಒಬ್ಬಳೇ ಹುಡುಗಿ, ಒಂದು ದೇಶದ ಲೆಕ್ಕದಲ್ಲಿ ಇದ್ದಾಳೆ, ಇನ್ನೊಂದರ ಲೆಕ್ಕದಲ್ಲಿ ಅವಧಿ ಮೀರಿದ್ದಾಳೆ.

ಎತ್ತರ ನನ್ನ ಭುಜಕ್ಕೆ. ಬೆಂಡೆಕಾಯಿ ಹುರಿದರೆ ಸೈ, ಹುಳಿಗೆ ಹಾಕಿದರೆ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾಳೆ. ನಾಲ್ಕನೇ ಕ್ಲಾಸಿನ ಪುಸ್ತಕಗಳನ್ನು ತಂದು ರಟ್ಟು ಹಾಕಿಯಾಗಿದೆ. ನಿಮ್ಮಲ್ಲಿ ಭೂಮಿ ನಡುಗುತ್ತದಂತೆ, ಆಗ ಲೋಟದಲ್ಲಿರುವ ಹಾಲು ಚೆಲ್ಲುತ್ತದೆಯೇ ಎಂದು ಕೇಳು ಅಂದಳು. ಕೇಳಿದ್ದೇನೆ.

ಜೂನ್ ಕೊನೆಗೆ ನನ್ನ ಶಾಲೆಯಲ್ಲಿ ರಜೆ ಹಾಕಿ ಅವಳನ್ನು ಮದರಾಸಿಗೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕದವರ ಕಚೇರಿ ಇರುವುದು ಅಲ್ಲೇ. ಅದಕ್ಕೆ ಮೊದಲು ಒಂದು ವಿಷಯ ತಿಳಿಸು. ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ನಿಮ್ಮ ಮನೆಯಲ್ಲಿ ಬಾಗಿಲು ತೆಗೆಯುವವರು ಯಾರು? ಇಲ್ಲಿ ನಾನು ತಡವಾದರೆ ಪಕ್ಕದ ಮನೆ ಕಮಲವ್ವ ಇದ್ದಾರೆ.

ಇತಿ,
ವೇದವತಿ

ಸಾಂಟಾ ಕ್ಲಾರಾ
14 ಜೂನ್ 1985

ಪ್ರೀತಿಯ ಅಕ್ಕ,

ಹಾಲು ಚೆಲ್ಲುತ್ತದೆ ಎಂದು ಹೇಳು. ಹೋದ ವರ್ಷ ಒಂದು ಸಲ ನಡುಗಿದಾಗ ನನ್ನ ಇಡ್ಲಿ ಹಿಟ್ಟಿನ ಪಾತ್ರೆಯೇ ಕಟ್ಟೆಯಿಂದ ಕೆಳಗೆ ಬಂತು. ಬಾಗಿಲು ನಾನೇ ತೆಗೆಯುತ್ತೇನೆ. ನನ್ನದು ಮುಂಜಾನೆಯ ಶಿಫ್ಟು, ಅವಳು ಬರುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಹೊಸ ಕೆಲಸ ಏನೆಂದು ನಿನಗೆ ಬರೆದೇ ಇರಲಿಲ್ಲ, ಅಲ್ಲವೇ? ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹಾಕಿಕೊಂಡು, ಮೈಕ್ರೋಸ್ಕೋಪಿನಲ್ಲಿ ಚಿಪ್ಪುಗಳ ಬಿಲ್ಲೆ ನೋಡುವುದು. ಎಲ್ಲಾದರೂ ಚುಕ್ಕೆ ಕಂಡರೆ ಅದನ್ನು ಆಚೆಗಿಡುವುದು. ನಿನ್ನ ಪ್ರಯೋಗಶಾಲೆಯಲ್ಲಿ ಈರುಳ್ಳಿ ಸಿಪ್ಪೆ ನೋಡಲು ಆಕಳಿಸುತ್ತಿದ್ದವಳಿಗೆ ಈಗ ಅದೇ ಹೊಟ್ಟೆಪಾಡು.

ಎಲ್ ಕಮಿನೋ ರಸ್ತೆಯಲ್ಲಿ ನಮ್ಮವರ ಅಂಗಡಿ ಇದೆ. ಅಲ್ಲಿ ಬೇಳೆ ತೆಗೆದುಕೊಳ್ಳಲು ಹೋದವರಿಗೆ ಸಲಹೆ ಪುಕ್ಕಟೆ. ನಿರುವಿನ ವಿಷಯ ಬಾಯಿ ತಪ್ಪಿ ಹೇಳಿದೆ, ತಗೋ, ಸಭೆ ಸೇರಿತು. ಒಬ್ಬರು, "ಇಂಡಿಯನ್ ಪಾಸ್‌ಪೋರ್ಟ್ ಮೇಲೆ ವಿಸಿಟರ್ ವೀಸಾ ಹೊಡ್ಸಿಬಿಡ್ರೀ, ಸುಲ್ಭ" ಅಂದರು. ಇನ್ನೊಬ್ಬರು, "ಎರಡಿದೆ ಅಂತ ಯಾರಿಗೂ ಬಾಯಿ ಬಿಡ್ಬೇಡಿ, ಎರಡೂ ಕಿತ್ಕೋತಾರೆ" ಅಂದರು. ಕೊನೆಗೆ ಬರ್ಕ್ಲಿಯಲ್ಲಿ ಓದುತ್ತಿರುವ ಆನಂದತೀರ್ಥ ಎಂಬ ಹುಡುಗ ನಮಗೆ ಸರಿಯಾಗಿ ತಿಳಿಸಿದ. ಹೊರಡುವಾಗ ಇಂಡಿಯಾದ್ದು ತೋರಿಸಬೇಕು, ಇಲ್ಲಿ ಇಳಿಯುವಾಗ ಅಮೆರಿಕದ್ದು. ಹಳೆಯದನ್ನು ಕೊಟ್ಟು ಹೊಸದು ಕೇಳಿದರೆ ಆಯಿತು. ನಾವಿಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ.

ನಾನು ಕರೆಯುತ್ತಿದ್ದೇನೆ ಎಂದು ಅವಳಿಗೆ ಹೇಳಿದಾಗ ಏನಂದಳು? ನೀನು ಅದನ್ನು ಬರೆದೇ ಇಲ್ಲ. ಕುಣಿದಳೆ? ಅತ್ತಳೆ? ಏನೂ ಅನ್ನಲಿಲ್ಲ ಎಂದಿದ್ದರೂ ಬರೆ.

ಪದ್ದು

ಮೈಸೂರು
2 ಜುಲೈ 1985

ಚಿ. ಪದ್ದುಗೆ ಆಶೀರ್ವಾದಗಳು.

ಮದರಾಸಿಗೆ ಹೋಗಿ ಬಂದೆವು. ಕೆಲಸ ಆಗಲಿಲ್ಲ.

ನಿನ್ನ ಕಾಗದ ನಾವು ಹೊರಡುವ ಹಿಂದಿನ ದಿನ ಸಿಕ್ಕಿತು. ಅಮೆರಿಕದವರ ಕಚೇರಿಯ ಒಳಗೆ ಸ್ವೆಟರು ಬೇಕಾಗುವಷ್ಟು ತಣ್ಣಗಿದ್ದ ಕೋಣೆ. ಕನ್ನಡಕ ಹಾಕಿಕೊಂಡ ಚಿಕ್ಕ ವಯಸ್ಸಿನ ಅಧಿಕಾರಿ, ಮಾತಿನಲ್ಲಿ ಮರ್ಯಾದಸ್ಥ. ನಿರುವಿಗೆ ಚಾಕೊಲೇಟು ಕೊಟ್ಟ. ಎರಡೂ ಪಾಸ್‌ಪೋರ್ಟುಗಳನ್ನು ಬಿಚ್ಚಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡ. ಅಮೆರಿಕದ್ದರಲ್ಲಿ ಮೂರು ತಿಂಗಳ ಕೂಸಿನ ಫೋಟೋ, ಎಡಗೆನ್ನೆಯ ಮೇಲೆ ಕಪ್ಪಾಗಿ ಒಂದು ಗುರುತು. ಇಂಡಿಯಾದ್ದರಲ್ಲಿ ಗುರುತಿನ ಚಿಹ್ನೆ ಎಂಬಲ್ಲಿ 'ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ' ಎಂದು ಟೈಪಾಗಿದೆ. ಬೆಂಗಳೂರಿನಲ್ಲಿ ನವೀಕರಿಸುವಾಗ ಅದನ್ನು ನಾನಾಗಲಿ ಯಾರಾಗಲಿ ಓದಿಯೇ ಇರಲಿಲ್ಲ. ಆತ ನಿರುವನ್ನು ಬೆಳಕಿನ ಕಡೆ ತಿರುಗಿಸಿ ನೋಡಿದ. ಕೆನ್ನೆ ತೊಳೆದಿಟ್ಟ ತಟ್ಟೆಯ ಹಾಗಿದೆ, ನಿನಗೇ ಗೊತ್ತಿದೆ.

"ಈ ಎರಡು ಪುಸ್ತಕಗಳೂ ಒಂದಕ್ಕೊಂದು ಒಪ್ಪುತ್ತವೆ. ಹುಡುಗಿ ಮಾತ್ರ ಎರಡಕ್ಕೂ ಒಪ್ಪುವುದಿಲ್ಲ. ಮಚ್ಚೆ ಏನಾಯಿತು?" ಎಂದು ಕೇಳಿದ. ತಂದೆ ತಾಯಿಗೆ ಬರೆದು ಕೇಳುತ್ತೇನೆ ಎಂದೆ. ಆ ಮಗುವೇ ಈ ಮಗು ಎಂದು ತೋರಿಸುವ ಏನಾದರೂ ಆಧಾರ ತನ್ನಿ, ಅಲ್ಲಿಯವರೆಗೆ ಹೊಸದು ಕೊಡಲಾಗುವುದಿಲ್ಲ ಎಂದ. ಅವನದೇನೂ ತಪ್ಪಿಲ್ಲ.

ಶಿವರಾಮು ಅವರು ಹೊರಡುವ ಹೊತ್ತಿಗೆ ಇದು ಮುಗಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಮುಂದಿನ ವರ್ಷ ನಿನಗೇ ರಜೆ ಸಿಗಬಹುದು. ಅಷ್ಟರಲ್ಲಿ ನಾಲ್ಕನೇ ಕ್ಲಾಸೂ ಮುಗಿದಿರುತ್ತದೆ. ಅವಸರಪಟ್ಟು ಏನು ಮಾಡುವುದು?

ನೀನು ಕರೆದದ್ದಕ್ಕೆ ನಿರು ಏನೂ ಅನ್ನಲಿಲ್ಲ. ಭೂಪಟ ತೆಗೆದು ನಿನ್ನ ಊರನ್ನು ಹುಡುಕಿದಳು. ಅದರಲ್ಲಿ ಸಾಂಟಾ ಕ್ಲಾರಾ ಇರಲಿಲ್ಲ.

ಇತಿ,
ವೇದವತಿ

ಸಾಂಟಾ ಕ್ಲಾರಾ
14 ಜುಲೈ 1985

ಅಕ್ಕಾ!

ಅದು ಮಚ್ಚೆಯಲ್ಲ, ಅಮ್ಮ ಇಟ್ಟ ದೃಷ್ಟಿಬೊಟ್ಟು! ನಿನ್ನ ಕಾಗದ ಓದುತ್ತಾ ಓದುತ್ತಾ ಜೋರಾಗಿ ನಕ್ಕುಬಿಟ್ಟೆ. ಅಮ್ಮ ಬರುವಾಗ ಆ ಹಿತ್ತಾಳೆಯ ಕಾಡಿಗೆ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಮಗುವಿಗೆ ಸ್ನಾನವಾದ ತಕ್ಷಣ ಎಡಗೆನ್ನೆಗೆ ಒಂದು ಬೊಟ್ಟು. ಪಾಸ್‌ಪೋರ್ಟಿನ ಫೋಟೋ ತೆಗೆಯುವಾಗ ಸ್ಟುಡಿಯೋದವಳು ಒರೆಸಲು ಬಂದರೆ ಅವಳ ಕೈಯನ್ನೇ ತಳ್ಳಿದಳು. "ಕ್ಯಾಮೆರಾ ಕಣ್ಣಿಗಿಂತ ಕೆಟ್ಟ ಕಣ್ಣು ಯಾವ್ದಿದ್ಯೇ?" ಅಂದಿದ್ದಳು.

ಇಂಡಿಯನ್ ಪಾಸ್‌ಪೋರ್ಟಿನ ಅರ್ಜಿ ತುಂಬಿದ್ದು ಇವರು. ಕೆಲಸದಿಂದ ಬಂದ ತಕ್ಷಣ ಹಿಡಿದು ಕೂರಿಸಿದೆ.

"ನಿರು ಅರ್ಜೀಲಿ ಗುರುತು ಅಂತ ಏನ್ ಬರೆದ್ರಿ?"

"ಎಡಗೆನ್ನೆ ಮೇಲೆ ಮಚ್ಚೆ ಇದ್ಯಲ್ಲ, ಅದನ್ನೇ ಬರ್ದೆ. ಯಾಕೆ?"

"ಅದು ಮಚ್ಚೆ ಅಲ್ಲ ಕಣ್ರೀ, ಕಾಡಿಗೆ! ಅಮ್ಮ ದಿನಾ ಇಡ್ತಿದ್ಲು."

"ನಾನ್ ನೋಡ್ದಾಗಲೆಲ್ಲಾ ಅಲ್ಲೇ ಇರ್ತಿತ್ತಲ್ಲೇ!"

ನಾನು ನಗುತ್ತಲೇ ಇದ್ದೆ, ಇವರು ನಗಲಿಲ್ಲ. ಆ ದಿನಗಳಲ್ಲಿ ಹಗಲು ಕಾಲೇಜು, ಸಂಜೆ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಮಗುವನ್ನು ನೋಡುತ್ತಿದ್ದದ್ದೇ ಅದು ಮಲಗಿದ ಮೇಲೆ. ಇಷ್ಟು ವರ್ಷ ಮಗಳನ್ನು ನೆನೆಸಿಕೊಂಡಾಗಲೆಲ್ಲ ಮಚ್ಚೆಯ ಸಮೇತ ನೆನೆಸಿಕೊಂಡಿದ್ದಾರೆ ಪಾಪ. ನೀನು ಕಳಿಸಿದ ಫೋಟೋಗಳಲ್ಲಿ ಮಚ್ಚೆ ಇಲ್ಲದ್ದನ್ನು ಗಮನಿಸಲಿಲ್ಲವೇ ಎಂದು ಕೇಳಿದೆ. ಮೈಸೂರಿನ ಸ್ಟುಡಿಯೋದವರು ತಿದ್ದಿ ಅಳಿಸಿರಬೇಕು ಅಂದುಕೊಂಡಿದ್ದರಂತೆ. ಆಮೇಲೆ ಎದ್ದು ಹೋಗಿ, ಯಾರೂ ಹೇಳದೆ, ಪಾತ್ರೆಗಳನ್ನೆಲ್ಲ ತೊಳೆದಿಟ್ಟರು.

ಈಗ ತೊಂದರೆ ನೋಡು. ಕಾಡಿಗೆ ಎಂದು ನಾವು ಬಾಯಲ್ಲಿ ಹೇಳಿದರೆ ನಂಬುತ್ತಾರೆಯೇ? ಆಲ್ಬಮ್ಮು ತೆಗೆದೆ. ಇರುವ ಎಲ್ಲ ಫೋಟೋದಲ್ಲೂ ಬೊಟ್ಟು ಅದೇ ಜಾಗದಲ್ಲಿದೆ. ಮುದ್ರೆ ಒತ್ತಿದ ಹಾಗೆ ಇಟ್ಟಿದ್ದಾಳೆ ಮಹಾತಾಯಿ. ನೋಡಿದವರು ಮಚ್ಚೆ ಅಲ್ಲದೆ ಬೇರೇನೂ ಅನ್ನುವುದಿಲ್ಲ. ಬೊಟ್ಟಿಲ್ಲದ ಒಂದೇ ಒಂದು ಫೋಟೋ ಬೇಕು. ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಪಕ್ಕದಲ್ಲಿದ್ದ ಮಿಸೆಸ್ ಸಿಲ್ವೇರಾ ಹತ್ತಿರ ತೆಗೆದ ಕೂಡಲೇ ಫೋಟೋ ಹೊರಗೆ ಬರುವ ಕ್ಯಾಮೆರಾ ಇತ್ತು. ಅವರನ್ನು ಹುಡುಕುತ್ತೇನೆ. ಕೆಲಸದಲ್ಲೂ ಚುಕ್ಕೆ, ಮನೆಯಲ್ಲೂ ಚುಕ್ಕೆ!

ಮದರಾಸಿನ ಗಡಿಬಿಡಿಯಲ್ಲಿ ನಿನಗೆ ಇದು ಹೊಳೆಯದಿದ್ದದ್ದು ಸಹಜ. ಬೇಜಾರು ಮಾಡಿಕೊಳ್ಳಬೇಡ, ಆಗಸ್ಟ್ ಹದಿನೆಂಟಕ್ಕೆ ಇನ್ನೂ ಸಮಯ ಇದೆ.

ಪದ್ದು

ಸಾಂಟಾ ಕ್ಲಾರಾ
21 ಜುಲೈ 1985

ಅಕ್ಕ,

ಮಿಸೆಸ್ ಸಿಲ್ವೇರಾ ಸಿಕ್ಕರು. ಈಗ ಸ್ಯಾನ್ ಮಟಿಯೋದಲ್ಲಿ ಮಗಳ ಜೊತೆ ಇದ್ದಾರೆ. ನಿನ್ನೆ ಫ್ರೀವೇ ಹಿಡಿದು ಹೋದೆವು. ಅಮ್ಮನನ್ನು ನೆನೆಸಿಕೊಂಡು ಆಕೆಗೆ ಎಷ್ಟು ನಗು, ಎಷ್ಟು ಅಳು! ಆಕೆಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷು ಬಾರದು, ದಿನವೂ ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರಂತೆ. ಏನು ಮಾತಾಡುತ್ತಿದ್ದಿರಿ ಎಂದು ಕೇಳಿದರೆ, "ಮಕ್ಕಳ ವಿಷಯ, ಇನ್ನೇನು" ಅಂದರು.

ಬೊಟ್ಟಿಲ್ಲದ ಫೋಟೋ ಅವರಲ್ಲೂ ಇರಲಿಲ್ಲ. ಆದರೆ ಅದಕ್ಕಿಂತ ಒಳ್ಳೆಯದು ಸಿಕ್ಕಿತು, ಇದರೊಳಗೆ ಇಟ್ಟಿದ್ದೇನೆ, ನೋಡು. ಹುಲ್ಲಿನ ಮೇಲೆ ಕಂಬಳಿ, ಅದರ ಮೇಲೆ ಎರಡು ಕೂಸುಗಳು. ಒಂದು ನಿರು. ಇನ್ನೊಂದು, ಆ ಚಿನ್ನದ ಬಣ್ಣದ ಕೂದಲಿನದು, ಮಿಸೆಸ್ ಸಿಲ್ವೇರಾ ಅವರ ಮೊಮ್ಮಗ. ಅವನ ಎಡಗೆನ್ನೆ ನೋಡಿದೆಯಾ? ಅವನಿಗೂ ಇಟ್ಟಿದ್ದಾಳೆ! ಅವನ ತಾಯಿ ಗಾಬರಿಯಾಗಿ ಸೋಪು ಹಾಕಿ ತೊಳೆದಳಂತೆ, ಮಾರನೆಯ ದಿನ ಅಮ್ಮ ಮತ್ತೆ ಇಟ್ಟಳಂತೆ. ಎರಡು ಮನೆಯ ಎರಡು ಮಕ್ಕಳಿಗೆ ಒಂದೇ ಜಾಗದಲ್ಲಿ ಒಂದೇ ಅಳತೆಯ ಮಚ್ಚೆ ಹೇಗೆ ಹುಟ್ಟುತ್ತದೆ ಎಂದು ಆ ಅಧಿಕಾರಿಯನ್ನೇ ಕೇಳು. ಮಿಸೆಸ್ ಸಿಲ್ವೇರಾ ನಡೆದದ್ದನ್ನು ಬರೆದು ಸಹಿ ಹಾಕಿಕೊಟ್ಟಿದ್ದಾರೆ, ಅದೂ ಇದೆ.

ವಾಪಸ್ಸು ಬರುವಾಗ ಕಾರಿನಲ್ಲಿ ಒಂದು ಯೋಚನೆ ಬಂತು. ಬಂದ ಮೇಲೆ ಹೋಗಲಿಲ್ಲ. ಹಿಂದಿನ ಕಾಗದದಲ್ಲಿ ನಿನಗೆ ಹೊಳೆಯದಿದ್ದದ್ದು ಸಹಜ ಎಂದು ಬರೆದಿದ್ದೆ. ಆದರೆ ಅಮ್ಮ ಇಲ್ಲಿಂದ ಹೋದ ಮೇಲೂ ಅದೇ ಡಬ್ಬಿಯಿಂದ ನಿರುವಿಗೆ ಬೊಟ್ಟಿಡುತ್ತಿದ್ದಳಲ್ಲ, ನಿನ್ನ ಕಣ್ಣೆದುರಿಗೇ? ನಮ್ಮ ಮೂರು ಜನರಲ್ಲಿ ಮೊದಲು ಗೊತ್ತಾಗಬೇಕಾದದ್ದು ನಿನಗೆ. ಜಗಳಕ್ಕೆ ಕೇಳುತ್ತಿಲ್ಲ ಅಕ್ಕ, ತಿಳಿದುಕೊಳ್ಳಬೇಕು ಅಷ್ಟೇ. ನಿನಗೆ ಗೊತ್ತಿತ್ತೇ?

ಪದ್ದು

ಮೈಸೂರು
4 ಆಗಸ್ಟ್ 1985

ಪದ್ದು,

ಗೊತ್ತಿತ್ತು. ಮದರಾಸಿನಲ್ಲಿ ಆ ಅಧಿಕಾರಿ ಫೋಟೋವನ್ನು ನನ್ನ ಕಡೆ ತಿರುಗಿಸಿದ ಕೂಡಲೇ ಗೊತ್ತಾಯಿತು. ಬಾಯಿ ಬಿಟ್ಟರೆ ಅವಳು ಹೋಗುತ್ತಾಳೆ, ಸುಮ್ಮನಿದ್ದರೆ ಇರುತ್ತಾಳೆ. ಸುಮ್ಮನಿದ್ದೆ. ಅವಳನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಆದರೆ ಕೆಲಸ ಆಗಿದೆ. ನಿನ್ನ ಎರಡು ಕಾಗದಗಳೂ ನನ್ನ ಕೈಗೆ ಬಂದದ್ದು ನಾವು ಎರಡನೇ ಸಲ ಮದರಾಸಿಗೆ ಹೋಗಿ ಬಂದ ಮೇಲೆ. ಹೊಸ ಪಾಸ್‌ಪೋರ್ಟು ಈಗ ನನ್ನ ಎದುರಿಗೇ ಇದೆ. ಅದು ಹೇಗಾಯಿತು ಎಂದು ಹೇಳುತ್ತೇನೆ.

ಮೊದಲ ಸಲ ಹೋಗಿ ಬಂದಾಗಿನಿಂದ ನಿರು ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಕೆನ್ನೆ ಉಬ್ಬಿಸಿ ನೋಡುವುದು, ಎಳೆದು ನೋಡುವುದು, ನನ್ನ ಭೂತಗನ್ನಡಿ ತಂದು ನೋಡುವುದು. "ದೊಡ್ಡಮ್ಮಾ, ಗೊದಮೊಟ್ಟೆಗೆ ಬಾಲ ಉದುರೋ ಥರ ಮಚ್ಚೇನೂ ಉದುರುತ್ತಾ?" ಎಂದು ಕೇಳಿದಳು. ಬಾಲ ಉದುರುವುದಿಲ್ಲ, ಮೈಯೊಳಗೆ ಕರಗುತ್ತದೆ ಎಂದು ತಿದ್ದಿದೆ. "ಹಾಗಾದ್ರೆ ಮಚ್ಚೆ ಕರಗುತ್ತಾ?" ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿರುವವಳಿಗೆ ಹೌದು ಎಂದು ಹೇಳಲು ನಾಲಿಗೆ ಬರಲಿಲ್ಲ. ಇಲ್ಲ ಎಂದೆ.

ಮಾರನೆಯ ದಿನ ತಟ್ಟೆಯ ಮುಂದೆ ಕೂತಿದ್ದವಳು ಊಟ ಮಾಡಲಿಲ್ಲ. ಏನೇ ಎಂದರೆ ಮೆಲ್ಲಗೆ ಹೇಳಿದಳು, "ಹಂಗಾದ್ರೆ ಆ ಪಾಪು ನಾನಲ್ಲ ದೊಡ್ಡಮ್ಮ. ಎಲ್ಲೋ ಅದಲುಬದಲು ಆಗಿದೆ. ಅಮ್ಮ ಕಾಯ್ತಿರೋದು ಮಚ್ಚೆ ಇರೋ ಅವಳಿಗೆ. ನಾನ್ ಹೋದ್ರೆ ಅಲ್ಲಿ ಏನಂತಾರೆ?"

ಆಮೇಲೆ ನಾನು ಇನ್ನೇನು ಮಾಡಬೇಕಿತ್ತು ಹೇಳು. ಒಳಗೆ ಹೋಗಿ ಅಮ್ಮನ ಡಬ್ಬಿ ತಂದೆ. ಕಾಡಿಗೆ ಒಣಗಿ ಕಲ್ಲಾಗಿತ್ತು, ಎರಡು ತೊಟ್ಟು ಹರಳೆಣ್ಣೆ ಬಿಟ್ಟು ಕಲಸಿ ಕೆನ್ನೆಗೆ ಇಟ್ಟೆ. ಕನ್ನಡಿ ಕೈಗೆ ಕೊಟ್ಟು ಪಾಸ್‌ಪೋರ್ಟಿನ ಫೋಟೋ ಪಕ್ಕಕ್ಕೆ ಹಿಡಿದೆ. ಬಹಳ ಹೊತ್ತು ನೋಡಿದಳು. "ಅಯ್ಯೋ, ನಾನೇ!" ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು.

ಮದರಾಸಿನಲ್ಲೂ ಅದನ್ನೇ ಮಾಡಿದೆ. ಆ ಅಧಿಕಾರಿಯ ಎದುರಿಗೇ ಡಬ್ಬಿ ತೆಗೆದು ಬೊಟ್ಟಿಟ್ಟು, ಅಮ್ಮಂದಿರು ಯಾಕೆ ಇಡುತ್ತಾರೆ ಎಂದು ವಿವರಿಸಿದೆ. ಚೆಂದದ ಮಗುವಿನ ಮುಖದಲ್ಲಿ ಒಂದು ಕುಂದು ಇರಲಿ, ನೋಡಿದವರ ಕಣ್ಣು ಅಲ್ಲಿಗೆ ಹೋಗಲಿ ಎಂದೆ. ಆತ ತನ್ನ ಕಚೇರಿಯಲ್ಲಿ ಟೈಪು ಮಾಡುವ ತಮಿಳು ಹೆಂಗಸನ್ನು ಕರೆದು ಕೇಳಿದ. ಆಕೆ ಫೋಟೋ ನೋಡಿದ ಕೂಡಲೇ ನಕ್ಕು, ನನ್ನ ಮೂರು ಮಕ್ಕಳಿಗೂ ಇಟ್ಟಿದ್ದೇನೆ ಎಂದಳು. ಆತ ಫೋಟೋದ ಕೂಸಿನ ಕಿವಿ, ಹುಬ್ಬು, ಗಲ್ಲ ಎಲ್ಲವನ್ನೂ ನಿರುವಿನದಕ್ಕೆ ಹೋಲಿಸಿ ನೋಡಿ, ಇಷ್ಟು ಸಾಕು ಎಂದ. ಹೋದ ಸಲವೇ ಯಾಕೆ ಹೇಳಲಿಲ್ಲ ಎಂದು ಅವನೂ ಕೇಳಿದ. ಅವನಿಗೆ ಉತ್ತರ ಕೊಡಲಿಲ್ಲ, ನಿನಗೆ ಕೊಟ್ಟಿದ್ದೇನೆ.

ನೀನು ಕಳಿಸಿದ ಫೋಟೋ ಅಲ್ಲಿ ತೋರಿಸಲು ಸಿಗಲಿಲ್ಲ. ಅದು ನನ್ನಲ್ಲೇ ಇರಲಿ. ನಿರು ಹೋದ ಮೇಲೆ ಗೋಡೆಗೆ ಹಾಕುತ್ತೇನೆ. ಚಿನ್ನದ ಕೂದಲಿನ ಹುಡುಗನನ್ನು ನೋಡಿ ಕಮಲವ್ವ, "ಇದು ಯಾರ ಪಾಪು?" ಎಂದರು. ಅಮ್ಮನದೇ ಎಂದೆ.

ಶಿವರಾಮು ಬಂದು ನೋಡಿಕೊಂಡು ಹೋದರು. ಹದಿನಾರಕ್ಕೆ ಬೆಂಗಳೂರಿನಲ್ಲಿ ಒಪ್ಪಿಸುತ್ತೇನೆ.

ವೇದವತಿ

ಸಾಂಟಾ ಕ್ಲಾರಾ
28 ಆಗಸ್ಟ್ 1985

ಅಕ್ಕ,

ನಿರು ಬಂದಳು. ಟೆಲಿಗ್ರಾಂ ಸಿಕ್ಕಿರಬೇಕು. ಅದರಲ್ಲಿ ಹಿಡಿಯದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ.

ಬೊಂಬಾಯಿಯ ಅಧಿಕಾರಿ ಎರಡೂ ಪಾಸ್‌ಪೋರ್ಟು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ನಿನ್ನದು ಯಾವುದಮ್ಮಾ ಎಂದನಂತೆ. "ಎರಡೂ ನಂದೇ. ಒಂದು ಹೋಗೋಕೆ, ಒಂದು ಬರೋಕೆ" ಅಂದಳಂತೆ. ಯಾವುದಕ್ಕೆ ಯಾವುದು ಎಂದು ಅವನು ಮತ್ತೆ ಕೇಳಿದ್ದಕ್ಕೆ, ಅದು ನಾನು ಎಲ್ಲಿದ್ದೀನಿ ಅನ್ನೋದರ ಮೇಲೆ ಅಂದಳಂತೆ. ಶಿವರಾಮು ಇದನ್ನು ಎಲ್ ಕಮಿನೋ ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವ ಮುಂಚೆ ಕೈಚೀಲದಿಂದ ನೀನು ಕೊಟ್ಟ ಕಾಡಿಗೆ ಡಬ್ಬಿ ತೆಗೆದು, ಎಡಗೆನ್ನೆಗೆ ಬೊಟ್ಟಿಡಿ ಎಂದು ಶಿವರಾಮು ಅವರ ಹೆಂಡತಿಯನ್ನು ಕೇಳಿದ್ದಾಳೆ. ಇಲ್ಲಿಯ ಅಧಿಕಾರಿ ಹೊಸ ಪಾಸ್‌ಪೋರ್ಟು ನೋಡಿದ, ಅವಳ ಮುಖ ನೋಡಿದ. ಹೊಸ ಫೋಟೋದಲ್ಲಿ ಬೊಟ್ಟಿಲ್ಲವಲ್ಲ! ಇವಳೇ ಬೆರಳಿಗೆ ಎಂಜಲು ಹಚ್ಚಿ ಒರೆಸಿ ತೋರಿಸಿದಳಂತೆ. ಅವನು ನಕ್ಕು, ಮನೆಗೆ ಬಂದೆ, ಸ್ವಾಗತ ಎಂದನಂತೆ. ಅಲ್ಲಿಂದ ಆಚೆ ಬಂದು ಶಿವರಾಮು ಅವರ ಹೆಂಡತಿ ಹತ್ತಿರ ಮತ್ತೆ ಇಡಿಸಿಕೊಂಡಳು. ಯಾಕೆ ಎಂದು ಅವರು ಕೇಳಿದರೆ, "ಅಪ್ಪ ಅಮ್ಮಂಗೆ ಗುರುತು ಸಿಗ್ಲಿ ಅಂತ" ಅಂದಳಂತೆ.

ಬಾಗಿಲು ತೆರೆದು ಆಚೆ ಬಂದಾಗ ಇವರ ಕಣ್ಣು ಮೊದಲು ಹೋಗಿದ್ದು ಎಡಗೆನ್ನೆಗೇ. "ನೋಡೇ, ಇದೆ!" ಎಂದು ಕೂಗಿಬಿಟ್ಟರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ನಾನು ಅವಳನ್ನು ಅಪ್ಪಿಕೊಂಡೆ. ಅವಳು ಕೈ ಕಟ್ಟಿಕೊಂಡು ನಿಂತಿದ್ದಳು, ನೆಂಟರ ಮನೆಯಲ್ಲಿ ನಿಲ್ಲುವ ಹಾಗೆ. ಪರವಾಗಿಲ್ಲ ಅಕ್ಕ. ಬೆಂಡೆಕಾಯಿ ಹುರಿದಿದ್ದೆ, ತಿಂದಳು. ಹಾಲಿನ ಲೋಟವನ್ನು ಮೇಜಿನ ನಡುವೆ ಇಟ್ಟು, ಭೂಮಿ ಯಾವಾಗ ನಡುಗುತ್ತದೆ ಎಂದು ಕಾಯುತ್ತಿದ್ದಾಳೆ.

ನಿನ್ನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದದ ಮೊದಲ ಸಾಲು ಓದಿ ಮಡಚಿ ಇಟ್ಟಿದ್ದೆ. ಮಾರನೆಯ ದಿನ ಮುಂದಕ್ಕೆ ಓದಿದೆ. ಈಗ ಅವಳನ್ನು ಎದುರಿಗೆ ಕೂರಿಸಿಕೊಂಡ ಮೇಲೆ ಒಂದು ಮಾತು ಅರ್ಥವಾಗಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಎರಡನೇ ಸಲ ಮದರಾಸಿಗೆ ಹೋಗುತ್ತಿರಲಿಲ್ಲ.

ಬೆಳಗ್ಗೆ ಜಡೆಯದೇ ಜಗಳ. "ದೊಡ್ಡಮ್ಮ ಹಾಕೋ ಥರ ಇಲ್ಲ" ಎಂದು ಬಿಚ್ಚಿ ಹಾಕುತ್ತಾಳೆ, ಮತ್ತೆ ಹಾಕಲು ಬಿಡುವುದಿಲ್ಲ. ಮುಂಜಾನೆಯ ಶಿಫ್ಟಿಗೆ ನನಗೆ ಹೊತ್ತಾಗುತ್ತದೆ. ಇಲ್ಲಿಯ ಹುಡುಗಿಯರ ಹಾಗೆ ಗಿಡ್ಡಕ್ಕೆ ಕತ್ತರಿಸಿಬಿಡೋಣವೇ ಎಂದಿದ್ದೇನೆ. ನೀನೇನು ಅನ್ನುತ್ತೀಯ?

ಇನ್ನೊಂದು. ಇಂಡಿಯಾದ ಪಾಸ್‌ಪೋರ್ಟು ಮುಂದಿನ ವರ್ಷ ಮುಗಿಯುತ್ತದೆ. ಈ ಸಲ ಅರ್ಜಿ ತುಂಬುವವಳು ನಾನೇ. ಗುರುತಿನ ಚಿಹ್ನೆ ಎಂಬಲ್ಲಿ ಏನು ಬರೆಯಲಿ ಎಂದು ಅವಳನ್ನೇ ಕೇಳಿದೆ. "ನಂಗೇನ್ ಗೊತ್ತು? ದೊಡ್ಡಮ್ಮನ್ನ ಕೇಳು" ಅಂದಳು. ಕೇಳುತ್ತಿದ್ದೇನೆ.

ನಿನ್ನ
ಪದ್ದು

ಮೈಸೂರು
12 ಸೆಪ್ಟೆಂಬರ್ 1985

ಚಿ. ಪದ್ದುಗೆ ಆಶೀರ್ವಾದಗಳು.

ಅರ್ಜಿಯಲ್ಲಿ ಹೀಗೆ ಬರೆ: ಬಲ ಮೊಣಕಾಲಿನ ಮೇಲೆ ಗಾಯದ ಕಲೆ. ಹೋದ ವರ್ಷ ಕಮಲವ್ವನ ಮೊಮ್ಮಗನ ಸೈಕಲ್ಲಿನಿಂದ ಬಿದ್ದದ್ದು. ಯಾವ ದೇಶದ ಅಧಿಕಾರಿ ಒರೆಸಿದರೂ ಹೋಗುವುದಿಲ್ಲ.

ಮನೆಯಲ್ಲಿ ಸದ್ದಿಲ್ಲ. ನಿನ್ನ ಕಾಗದ ಬಂದ ದಿನ ಬೆಂಡೆಕಾಯಿ ಹುಳಿ ಮಾಡಿದ್ದೆ. ಹೋಳುಗಳನ್ನು ತಟ್ಟೆಯ ಅಂಚಿಗೆ ಜೋಡಿಸುವವರು ಇರಲಿಲ್ಲ.

ಕೂದಲು ಕತ್ತರಿಸಬೇಡ. ಶಿಫ್ಟಿಗೆ ಹೊತ್ತಾದರೆ ಸ್ವಲ್ಪ ಬೇಗ ಏಳು. ಅವಳನ್ನು ಕಿಟಕಿಯ ಕಡೆ ಬೆನ್ನು ಮಾಡಿ ಕೂರಿಸು, ಎರಡು ಭಾಗ ಮಾಡಿ ಎಡಗಡೆಯ ಜಡೆ ಮೊದಲು ಹಾಕು. ಕತ್ತಿನ ಹತ್ತಿರ ಬಿಗಿಯಬೇಡ, ಅದಕ್ಕೇ ಬಿಚ್ಚುತ್ತಾಳೆ.

ಹಾಗೆ ಕೂದಲು ಮೇಲಕ್ಕೆ ಎತ್ತಿದಾಗ ಎಡಗಿವಿಯ ಹಿಂದೆ ನೋಡು. ಸಾಸಿವೆ ಕಾಳಿನಷ್ಟು ಒಂದು ಮಚ್ಚೆ ಇದೆ. ನಿಜವಾದದ್ದು. ಕನ್ನಡಿಯಲ್ಲಿ ಕಾಣುವ ಜಾಗವಲ್ಲ, ಅವಳಿಗೇ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ, ಅದು ಕಾಣಿಸಿಕೊಂಡಿದ್ದೇ ಅಮ್ಮ ಹೋದ ಮೇಲೆ. ದಿನವೂ ಜಡೆ ಹಾಕುವವರಿಗೆ ಮಾತ್ರ ಗೊತ್ತಾಗುತ್ತದೆ. ಇಷ್ಟು ದಿನ ಅದು ನನ್ನೊಬ್ಬಳದಾಗಿತ್ತು.

ಅದನ್ನು ಯಾವ ಅರ್ಜಿಯಲ್ಲೂ ಬರೆಯಬೇಡ. ನಾಳೆ ಬೆಳಗ್ಗೆ ನೋಡಿಕೋ.

ವೇದಕ್ಕ